ಹೊಸಪೇಟೆಯಲ್ಲಿ ಬಿದ್ದ ದಂಡ: ಕಟ್ಟಬೇಕೇ, ಪ್ರಶ್ನಿಸಬೇಕೇ?

ರಜೆ ಬಂತೆಂದರೆ ಕರಾವಳಿಯ ಧರ್ಮಕೇಂದ್ರಗಳಿಂದ ಹಂಪಿಯತ್ತ ಹೊರಡುವ ವಾಹನಗಳಿಗೆ ಕೊರತೆಯಿಲ್ಲ. ಯುವಜನರು ಬೈಕುಗಳಲ್ಲಿ ಹೋಗುತ್ತಾರೆ, ಕುಟುಂಬಗಳು ಕಾರಿನಲ್ಲಿ, ಕ್ರೈಸ್ತ ಶಿಕ್ಷಣದ ಮಕ್ಕಳು ಬಸ್ಸಿನಲ್ಲಿ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ, ಸಂಡೂರಿನ ಗಣಿಗಳಲ್ಲಿ ದುಡಿಯುವ ನಮ್ಮ ಊರಿನವರೂ ಇದ್ದಾರೆ. ಅದಿರು ಹೊತ್ತ ಲಾರಿಗಳು ಆ ಕಡೆಯಿಂದ ನಮ್ಮ ಬಂದರುಗಳಿಗೆ ಬಂದ ಕಾಲವನ್ನು ಹಿರಿಯರು ಮರೆತಿಲ್ಲ. ಹೀಗೆ ಹೋಗಿ ಬಂದವರ ಮನೆಗೆ ಕೆಲವು ದಿನಗಳ ಬಳಿಕ ಮೊಬೈಲಿನಲ್ಲಿ ಒಂದು ಸಂದೇಶ, ಇಲ್ಲವೇ ಅಂಚೆಯಲ್ಲಿ ಒಂದು ನೋಟಿಸು ತಲುಪುತ್ತದೆ: ಇಂಥ ದಿನ, ಇಂಥ ಸ್ಥಳದಲ್ಲಿ, ಹೆಲ್ಮೆಟ್ ಇಲ್ಲ, ಅಥವಾ ಸೀಟ್ ಬೆಲ್ಟ್ ಇಲ್ಲ, ದಂಡ 500 ರೂಪಾಯಿ.

ಆಗ ಮನೆಯಲ್ಲಿ ಎರಡು ಮಾತು ಕೇಳಿಬರುತ್ತವೆ. "ಐನೂರು ತಾನೇ, ಕಟ್ಟಿಬಿಡು, ಕೋರ್ಟು ಯಾರಿಗೆ ಬೇಕು" ಎನ್ನುವುದು ಒಂದು. "ನಾನೂರು ಕಿಲೋಮೀಟರ್ ದೂರದ ಪೊಲೀಸರು ಇಲ್ಲಿಗೆ ಬರುತ್ತಾರೆಯೇ, ಸುಮ್ಮನಿರು" ಎನ್ನುವುದು ಮತ್ತೊಂದು. ಎರಡನೆಯದು ಖಂಡಿತ ತಪ್ಪು. ಮೊದಲನೆಯದು ಹೆಚ್ಚಿನ ಸಂದರ್ಭಗಳಲ್ಲಿ ಸರಿ, ಆದರೆ ಎಲ್ಲ ಸಂದರ್ಭಗಳಲ್ಲಿ ಅಲ್ಲ. ಯಾಕೆಂದರೆ ಇಂಥ ದಂಡದಲ್ಲಿ ಕೆಲವೊಮ್ಮೆ ಹಣಕ್ಕಿಂತ ಚಾಲನಾ ಪರವಾನಗಿಯೇ ಹೆಚ್ಚು ಅಪಾಯದಲ್ಲಿರುತ್ತದೆ. ಚಾಲನೆಯೇ ಅನ್ನವಾಗಿರುವವರಿಗೆ ಇದು ಸಣ್ಣ ಮಾತಲ್ಲ.

ಮೊದಲು ಸ್ಥಳ ನೋಡಿ

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಎಂದರೆ ಪ್ರವಾಸಿಗರಿಗೆ ಒಂದೇ ಸುತ್ತಿನ ಊರುಗಳು. ಆಡಳಿತಕ್ಕೆ ಅವು ಒಂದೇ ಅಲ್ಲ. 2021ರಲ್ಲಿ ಬಳ್ಳಾರಿ ಜಿಲ್ಲೆಯನ್ನು ವಿಭಜಿಸಿ ವಿಜಯನಗರ ಜಿಲ್ಲೆಯನ್ನು ರಚಿಸಲಾಯಿತು. ಹೊಸಪೇಟೆ ಅದರ ಕೇಂದ್ರ. ಹೊಸಪೇಟೆ ಮತ್ತು ಹಂಪಿ ವಿಜಯನಗರ ಜಿಲ್ಲೆಗೆ ಸೇರಿದವು. ಸಂಡೂರು ಮತ್ತು ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲೇ ಉಳಿದವು. ಹಂಪಿಯಿಂದ ತುಂಗಭದ್ರೆ ದಾಟಿ ಆನೆಗೊಂದಿಗೆ ಹೋದರೆ ಅದು ಕೊಪ್ಪಳ ಜಿಲ್ಲೆ. ಕಂಪ್ಲಿಯ ಸೇತುವೆ ದಾಟಿ ಗಂಗಾವತಿಯತ್ತ ಹೋದರೂ ಕೊಪ್ಪಳವೇ. ಒಂದೇ ದಿನದ ಪ್ರವಾಸದಲ್ಲಿ ಮೂರು ಜಿಲ್ಲೆಗಳ ಪೊಲೀಸರ ವ್ಯಾಪ್ತಿಯಲ್ಲಿ ಓಡಾಡಿರುತ್ತೀರಿ.

ಆದುದರಿಂದ ನೋಟಿಸು ಕೈಗೆ ಬಂದಾಗ ಮೊದಲು ಓದಬೇಕಾದುದು ಮೊತ್ತವನ್ನಲ್ಲ, ಠಾಣೆಯ ಹೆಸರನ್ನು. ಆಕ್ಷೇಪ ಕಳುಹಿಸಬೇಕಾದುದು ಆ ಠಾಣೆಗೆ; ಪ್ರಕರಣ ಮುಂದುವರಿದರೆ ಹೋಗುವುದು ಆ ಠಾಣೆಯ ವ್ಯಾಪ್ತಿಯ ನ್ಯಾಯಾಲಯಕ್ಕೆ. ಕಂಪ್ಲಿಯ ಚಲನ್ ಹಿಡಿದುಕೊಂಡು ಹೊಸಪೇಟೆಯ ಠಾಣೆಗೆ ಹೋದರೆ ಒಂದು ದಿನ ವ್ಯರ್ಥ.

500 ಎಲ್ಲಿಂದ ಬಂತು?

ಮೋಟಾರು ವಾಹನ ಕಾಯಿದೆ 1988ರದ್ದು. ಅದಕ್ಕೆ 2019ರಲ್ಲಿ ದೊಡ್ಡ ತಿದ್ದುಪಡಿಯಾಗಿ, ಆ ವರ್ಷದ ಸೆಪ್ಟೆಂಬರ್ 1ರಿಂದ ದಂಡಗಳು ಹೆಚ್ಚಿದವು. ಹೆಲ್ಮೆಟ್ ಧರಿಸದಿದ್ದರೆ 194ಡಿ ಕಲಮಿನಂತೆ 1,000 ರೂಪಾಯಿ. ಸೀಟ್ ಬೆಲ್ಟ್ ಹಾಕದಿದ್ದರೆ 194ಬಿ ಕಲಮಿನಂತೆ 1,000 ರೂಪಾಯಿ. ಜನರ ವಿರೋಧ ಬಂದಾಗ ಕರ್ನಾಟಕ ಸರಕಾರ ಅದೇ ತಿಂಗಳಲ್ಲಿ ಈ ಎರಡಕ್ಕೂ ಸ್ಥಳದಲ್ಲಿ ಕಟ್ಟುವ ಮೊತ್ತವನ್ನು 500 ರೂಪಾಯಿಗೆ ಇಳಿಸಿತು.

ಇಳಿಸಿದ್ದು ಕಾಯಿದೆಯ ದಂಡವನ್ನಲ್ಲ, ರಾಜಿ ದಂಡವನ್ನು ಎಂಬುದನ್ನು ಗಮನಿಸಬೇಕು. ಕಾಯಿದೆಯ 200ನೇ ಕಲಮು ಕೆಲವು ಅಪರಾಧಗಳನ್ನು ನ್ಯಾಯಾಲಯಕ್ಕೆ ಹೋಗದೆ ಹಣ ಕಟ್ಟಿ ಮುಗಿಸಿಕೊಳ್ಳಲು ಅವಕಾಶ ಕೊಡುತ್ತದೆ. ಆ ಮೊತ್ತವನ್ನು ನಿಗದಿಪಡಿಸುವ ಅಧಿಕಾರ ಮಾತ್ರ ರಾಜ್ಯ ಸರಕಾರಕ್ಕಿದೆ. ಆದ್ದರಿಂದ ಹೆಲ್ಮೆಟ್ ಪ್ರಕರಣವನ್ನು ನ್ಯಾಯಾಲಯಕ್ಕೆ ಒಯ್ದು ಸೋತರೆ ಎದುರಿಸಬೇಕಾದುದು ಕಾಯಿದೆಯಲ್ಲಿರುವ 1,000 ರೂಪಾಯಿಯನ್ನು, 500ನ್ನಲ್ಲ. ಪ್ರಶ್ನಿಸುವ ಮೊದಲು ಈ ಲೆಕ್ಕ ತಿಳಿದಿರಲಿ.

ಅಂಕ ಕಡಿತ ನಮ್ಮಲ್ಲಿ ಇದೆಯೇ?

ಗಲ್ಫ್‌ನಲ್ಲಿ ಕಾರು ಓಡಿಸುವ ನಮ್ಮವರು ಊರಿಗೆ ಬಂದಾಗ ಕೇಳುವ ಪ್ರಶ್ನೆ ಇದು. ಯುಎಇಯಲ್ಲಿ ತಪ್ಪಿಗೆ ತಕ್ಕಂತೆ ಕಪ್ಪು ಅಂಕಗಳು ಸೇರುತ್ತಾ ಹೋಗಿ, 24 ಆದಾಗ ಲೈಸನ್ಸ್ ಅಮಾನತಾಗುತ್ತದೆ. ಬ್ರಿಟನ್ನಿನಲ್ಲಿ ಮೂರು ವರ್ಷಗಳೊಳಗೆ 12 ಅಂಕ ಸೇರಿದರೆ ಸಾಮಾನ್ಯವಾಗಿ ಚಾಲನೆಗೆ ನಿಷೇಧ ಬೀಳುತ್ತದೆ. ಅಲ್ಲಿ ಸಣ್ಣ ದಂಡವನ್ನೂ ಜನ ಪ್ರಶ್ನಿಸುವುದು ಹಣಕ್ಕಿಂತ ಹೆಚ್ಚಾಗಿ ಅಂಕಕ್ಕೆ ಹೆದರಿ.

ನಮ್ಮ 1988ರ ಕಾಯಿದೆಯಲ್ಲಾಗಲಿ 2019ರ ತಿದ್ದುಪಡಿಯಲ್ಲಾಗಲಿ ಇಂಥ ಅಂಕಗಳ ಪಟ್ಟಿ ಇಲ್ಲ. ಹಾಗೆಂದು ಲೈಸನ್ಸಿಗೆ ಅಪಾಯವೇ ಇಲ್ಲವೆಂದಲ್ಲ. ನಮ್ಮ ಕಾಯಿದೆಯ ದಾರಿ ಇನ್ನೂ ನೇರವಾದುದು. ಹೆಲ್ಮೆಟ್ ಇಲ್ಲದ ಸವಾರಿಗೆ, ದ್ವಿಚಕ್ರ ವಾಹನದಲ್ಲಿ ಮೂವರ ಸವಾರಿಗೆ, ಹಣದ ದಂಡದ ಜೊತೆಗೆ ಮೂರು ತಿಂಗಳು ಲೈಸನ್ಸ್ ಅನರ್ಹಗೊಳಿಸಬೇಕೆಂದು 194ಡಿ ಮತ್ತು 194ಸಿ ಕಲಮುಗಳೇ ಹೇಳುತ್ತವೆ. ಅತಿವೇಗ, ಕೆಂಪು ದೀಪ ದಾಟುವುದು, ಕೈಯಲ್ಲಿ ಮೊಬೈಲ್ ಹಿಡಿದು ಓಡಿಸುವುದು, ಕುಡಿದು ಓಡಿಸುವುದು ಇವುಗಳಲ್ಲಿ ಪೊಲೀಸರು 206ನೇ ಕಲಮಿನಂತೆ ಲೈಸನ್ಸನ್ನು ವಶಪಡಿಸಿಕೊಂಡು ಸಾರಿಗೆ ಕಚೇರಿಗೆ ಕಳುಹಿಸಬಹುದು. ಹೊಸಪೇಟೆಯಲ್ಲಿ ಹಿಡಿದರೂ ಮಂಗಳೂರಿನಲ್ಲಿ ಹಿಡಿದರೂ ಕಾನೂನು ಒಂದೇ.

ಹೆಚ್ಚಿನವರಿಗೆ ಗೊತ್ತಿಲ್ಲದ ವಿಷಯ ಇನ್ನೊಂದಿದೆ. ರಾಜಿ ದಂಡ ಕಟ್ಟಿದರೆ ಆ ಅಪರಾಧಕ್ಕಾಗಿ ಮತ್ತೆ ಮೊಕದ್ದಮೆ ಇಲ್ಲ, ನಿಜ. ಆದರೆ 2019ರ ತಿದ್ದುಪಡಿಯ ಬಳಿಕ, ಹಣ ಕಟ್ಟಿದ ಮಾತ್ರಕ್ಕೆ ಲೈಸನ್ಸಿನ ಮೇಲಿನ ಕ್ರಮದಿಂದ ಬಿಡುಗಡೆ ಸಿಗುವುದಿಲ್ಲ ಎಂದು 200ನೇ ಕಲಮಿನಲ್ಲಿಯೇ ಸೇರಿಸಲಾಗಿದೆ. "ಕಟ್ಟಿ ಮುಗಿಸಿದೆ" ಎಂದುಕೊಂಡವರಿಗೆ ಸಾರಿಗೆ ಕಚೇರಿಯಿಂದ ಪತ್ರ ಬರಬಹುದು. ಆಗಲೂ ಗಾಬರಿ ಬೇಡ. 19ನೇ ಕಲಮಿನಂತೆ ಅಧಿಕಾರಿ ನಿಮ್ಮ ಮಾತನ್ನು ಕೇಳಿಯೇ ಆದೇಶ ಮಾಡಬೇಕು. ಆದೇಶ ಬಂದ 30 ದಿನಗಳೊಳಗೆ ಮೇಲ್ಮನವಿಗೂ ಅವಕಾಶವಿದೆ. ಪತ್ರಕ್ಕೆ ಉತ್ತರಿಸದೆ ಕುಳಿತವರಿಗೆ ಮಾತ್ರ ಈ ಅವಕಾಶ ಕೈತಪ್ಪುತ್ತದೆ.

ವಾರಾಂತ್ಯದಲ್ಲಿ ಬೈಕು ಓಡಿಸುವವರಿಗೆ ಮೂರು ತಿಂಗಳು ಲೈಸನ್ಸ್ ಇಲ್ಲದಿದ್ದರೆ ಬೇಸರ. ಸಂಡೂರಿನಿಂದ ಅದಿರು ಸಾಗಿಸುವ ಲಾರಿ ಚಾಲಕನಿಗೆ, ಹೊಸಪೇಟೆ ನಿಲ್ದಾಣದಿಂದ ಹಂಪಿಗೆ ಪ್ರವಾಸಿಗರನ್ನು ಒಯ್ಯುವ ಆಟೋ ಚಾಲಕನಿಗೆ, ನಮ್ಮ ಶಾಲಾ ಬಸ್ಸಿನ ಚಾಲಕನಿಗೆ ಅದು ಮೂರು ತಿಂಗಳ ಸಂಬಳ. ಅವರ ಮೇಲೆ ಸುಳ್ಳು ಇಲ್ಲವೇ ತಪ್ಪು ಪ್ರಕರಣ ದಾಖಲಾದರೆ, "ಐನೂರು ತಾನೇ" ಎಂದು ನಾವು ಹೇಳುವುದು ನ್ಯಾಯವಲ್ಲ.

ಯಾವಾಗ ಕಟ್ಟಬೇಕು?

ತಪ್ಪು ನಡೆದಿದ್ದರೆ ಕಟ್ಟಬೇಕು. ಇದರಲ್ಲಿ ಚರ್ಚೆಗೆ ಎಡೆಯಿಲ್ಲ. "ಪರವೂರಿನ ನಂಬರು ನೋಡಿ ಹಿಡಿದರು", "ನನ್ನ ಮುಂದೆ ಹೋದ ಹತ್ತು ಜನರಿಗೂ ಹೆಲ್ಮೆಟ್ ಇರಲಿಲ್ಲ", "ಬಿಸಿಲು ಜಾಸ್ತಿ ಇತ್ತು" ಇವು ನ್ಯಾಯಾಲಯದಲ್ಲಿ ಉತ್ತರಗಳಲ್ಲ, ಆತ್ಮಸಾಕ್ಷಿಯ ಮುಂದೆಯೂ ಅಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 50,029 ಮಂದಿ ಹೆಲ್ಮೆಟ್ ಇಲ್ಲದ ದ್ವಿಚಕ್ರ ಸವಾರರು ಮತ್ತು ಹಿಂಬದಿ ಸವಾರರು. ನಾಲ್ಕು ವರ್ಷ ದಾಟಿದ ಮಗುವಿಗೂ ಹೆಲ್ಮೆಟ್ ಬೇಕೆಂದು 129ನೇ ಕಲಮು ಹೇಳುವುದು ಸರಕಾರದ ಬೊಕ್ಕಸ ತುಂಬಲಿಕ್ಕಲ್ಲ.

ಅರ್ಧ ರಿಯಾಯಿತಿ ಬರಲೆಂದು ಕಾಯುವವರೂ ಇದ್ದಾರೆ. 2023ರ ಫೆಬ್ರವರಿ 11ರ ವರೆಗೆ, ಮತ್ತೆ 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರ ವರೆಗೆ ರಾಜ್ಯ ಸರಕಾರ ಬಾಕಿ ಇ-ಚಲನ್‌ಗಳಿಗೆ ಶೇಕಡಾ 50 ರಿಯಾಯಿತಿ ಕೊಟ್ಟದ್ದು ನಿಜ. ಆದರೆ ಅದು ಹಕ್ಕಲ್ಲ, ಆಗೊಮ್ಮೆ ಈಗೊಮ್ಮೆ ಬರುವ ವಿನಾಯಿತಿ. ಅದನ್ನು ನಂಬಿ ಬಾಕಿ ಉಳಿಸಿಕೊಂಡರೆ ವಾಹನ ಮಾರುವಾಗ, ಹೆಸರು ಬದಲಾಯಿಸುವಾಗ ತೊಡಕಾಗುತ್ತದೆ; ಅಷ್ಟರಲ್ಲಿ ಸಮನ್ಸ್ ಬಂದರೂ ಬರಬಹುದು.

ಯಾವಾಗ ಪ್ರಶ್ನಿಸಬೇಕು?

ಕೆಳಗಿನ ಸಂದರ್ಭಗಳಲ್ಲಿ ಪ್ರಶ್ನಿಸುವುದು ಸರಿ ಮಾತ್ರವಲ್ಲ, ಅಗತ್ಯ ಕೂಡ.

ಒಂದು, ವಾಹನ ನಿಮ್ಮದಲ್ಲ. ನಂಬರಿನ ಒಂದು ಅಂಕಿ ತಪ್ಪಾಗಿ ದಾಖಲಾಗಿ ಉಡುಪಿಯ ಸ್ಕೂಟರಿಗೆ ಹೊಸಪೇಟೆಯ ಚಲನ್ ಬರಬಹುದು. ಯಾರೋ ನಿಮ್ಮ ನಂಬರನ್ನೇ ತಮ್ಮ ಗಾಡಿಗೆ ಬರೆಸಿಕೊಂಡಿರಲೂಬಹುದು. ಚಿತ್ರದಲ್ಲಿರುವ ಗಾಡಿಯ ಮಾದರಿ, ಬಣ್ಣ ಹೋಲಿಸಿ ನೋಡಿ. ಆ ದಿನ ನಿಮ್ಮ ವಾಹನ ಊರಲ್ಲೇ ಇತ್ತೆಂಬುದಕ್ಕೆ ಪೆಟ್ರೋಲ್ ಬಿಲ್ಲು, ಫಾಸ್ಟ್ಯಾಗ್ ದಾಖಲೆ, ಗ್ಯಾರೇಜಿನ ರಶೀದಿ ಸಾಕ್ಷಿಯಾಗುತ್ತವೆ. ಇಲ್ಲಿ ಸುಮ್ಮನೆ ಹಣ ಕಟ್ಟಿದರೆ, ನಿಮ್ಮ ನಂಬರಿನಲ್ಲಿ ಓಡುವ ಆ ಇನ್ನೊಂದು ಗಾಡಿಗೆ ನೀವೇ ದಾರಿ ಮಾಡಿಕೊಟ್ಟಂತೆ.

ಎರಡು, ಫಲಕವೇ ಇರಲಿಲ್ಲ. ಏಕಮುಖ ಸಂಚಾರ, ನಿಲುಗಡೆ ನಿಷೇಧ ಇಂಥವನ್ನು ಚಾಲಕ ತಿಳಿಯುವುದು ಫಲಕದಿಂದ. ಹಂಪಿ ಉತ್ಸವದಂಥ ದಿನಗಳಲ್ಲಿ ನಿಲುಗಡೆಯ ವ್ಯವಸ್ಥೆ ಬದಲಾಗುತ್ತದೆ. ಫಲಕ ಇರಲಿಲ್ಲ ಇಲ್ಲವೇ ಮರೆಯಾಗಿತ್ತು ಎಂದಾದರೆ ಅದೇ ದಿನ, ಅದೇ ಜಾಗದ ಫೋಟೋ ತೆಗೆದಿಡಿ. ತಿಂಗಳ ಬಳಿಕ ತೆಗೆದ ಫೋಟೋಗೆ ಅಷ್ಟು ಬೆಲೆ ಇರುವುದಿಲ್ಲ.

ಮೂರು, ದಾಖಲೆ ಇತ್ತು, ಕೈಯಲ್ಲಿರಲಿಲ್ಲ. ಡಿಜಿಲಾಕರ್ ಮತ್ತು ಎಂ-ಪರಿವಾಹನ್ ಆ್ಯಪ್‌ಗಳಲ್ಲಿ ತೋರಿಸುವ ಲೈಸನ್ಸ್, ಆರ್‌ಸಿ, ವಿಮೆಯನ್ನು 2018ರಿಂದ ನಿಯಮಗಳೇ ಒಪ್ಪುತ್ತವೆ. ತನಿಖೆಯ ಹೊತ್ತಿನಲ್ಲಿ ವಿಮೆ ಚಾಲ್ತಿಯಲ್ಲಿತ್ತು ಎಂದಾದರೆ "ವಿಮೆ ಇಲ್ಲ" ಎಂಬ ದಂಡವನ್ನು ಒಪ್ಪಬೇಕಾಗಿಲ್ಲ.

ನಾಲ್ಕು, ಕ್ಯಾಮೆರಾದ ಸಾಕ್ಷ್ಯದಲ್ಲಿ ಕೊರತೆ. 2021ರ ಆಗಸ್ಟ್‌ನಲ್ಲಿ ಸೇರಿಸಲಾದ 167ಎ ನಿಯಮವು ಉಪಕರಣಕ್ಕೆ ಪ್ರಮಾಣಪತ್ರ, ಸ್ಪಷ್ಟವಾದ ಚಿತ್ರ, ದಿನ, ಸಮಯ, ಸ್ಥಳ, ಅನ್ವಯವಾಗುವ ಕಲಮು ಇವೆಲ್ಲ ಇರಬೇಕೆಂದು ಹೇಳಿತು. ನೋಟಿಸನ್ನು 15 ದಿನಗಳೊಳಗೆ ಕಳುಹಿಸಬೇಕೆಂದೂ ಹೇಳಿತು. ಚಿತ್ರದಲ್ಲಿ ನಂಬರೇ ಕಾಣಿಸದಿದ್ದರೆ ಅದನ್ನು ಕೇಳುವ ಹಕ್ಕು ನಿಮಗಿದೆ. ಆದರೆ ಚಿತ್ರದಲ್ಲಿ ನಿಮ್ಮ ಬರಿದಾದ ತಲೆ ಸ್ಪಷ್ಟವಾಗಿ ಕಾಣುತ್ತಿರುವಾಗ ನೋಟಿಸು ತಡವಾಯಿತೆಂದು ವಾದಿಸುವುದು ಬೇರೆ ಮಾತು. ಗೆದ್ದರೂ ಅದು ಹೆಮ್ಮೆಪಡುವ ಗೆಲುವಲ್ಲ.

ಐದು, ಮಾರಿದ ವಾಹನ. ಹೆಸರು ವರ್ಗಾವಣೆ ಆಗದಿದ್ದರೆ ಚಲನ್ ಬರುವುದು ಹಳೆಯ ಮಾಲೀಕರಿಗೇ. ರಾಜ್ಯದೊಳಗೆ ಮಾರಿದವರು 14 ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕೆಂದು 50ನೇ ಕಲಮು ಹೇಳುತ್ತದೆ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಅಪಘಾತ ಪರಿಹಾರದ ಪ್ರಕರಣವೊಂದರಲ್ಲಿ ಸ್ಪಷ್ಟಪಡಿಸಿದೆ. ಇಲ್ಲಿ ಚಲನನ್ನು ಪ್ರಶ್ನಿಸುವುದರ ಜೊತೆಗೆ ವರ್ಗಾವಣೆಯನ್ನು ಮುಗಿಸುವುದು ಹೆಚ್ಚು ತುರ್ತಿನ ಕೆಲಸ.

ಪ್ರಶ್ನಿಸುವ ಕ್ರಮ

ಮೊದಲನೆಯದಾಗಿ, ಹಣ ಕಟ್ಟಬೇಡಿ. ಕಟ್ಟಿದರೆ ತಪ್ಪು ಒಪ್ಪಿಕೊಂಡಂತೆ. ಬಳಿಕ ಹಣ ಮರಳಿ ಕೇಳುವುದು ಬಹಳ ಕಷ್ಟ. ನೋಟಿಸಿನಲ್ಲಿ ಬರೆದ ಗಡುವನ್ನು ಗುರುತು ಹಾಕಿಟ್ಟುಕೊಳ್ಳಿ. ನಿಯಮಗಳು ಆಗಾಗ ತಿದ್ದುಪಡಿಯಾಗುವುದರಿಂದ ಪರಿಚಯದವರು ಹೇಳಿದ ಗಡುವನ್ನು ನಂಬದೆ ನೋಟಿಸಿನಲ್ಲಿರುವುದನ್ನೇ ಪಾಲಿಸಿ.

ಬಳಿಕ ಸಂಬಂಧಪಟ್ಟ ಠಾಣೆಗೆ, ಇಲ್ಲವೇ ಇ-ಚಲನ್ ಜಾಲತಾಣದ ದೂರು ವಿಭಾಗಕ್ಕೆ ಒಂದು ಪುಟದ ಮನವಿ ಬರೆಯಿರಿ. ಚಲನ್ ಸಂಖ್ಯೆ, ದಿನಾಂಕ, ನಿಮ್ಮ ಆಕ್ಷೇಪ, ಸಾಕ್ಷ್ಯದ ಪ್ರತಿ ಇಷ್ಟು ಸಾಕು. ಕೋಪದ ಮಾತು ಬೇಡ. ನಂಬರು ತಪ್ಪಾದಂಥ ಪ್ರಕರಣಗಳಿಗೆ ಈ ಹಂತದಲ್ಲೇ ಪರಿಹಾರ ಸಿಗಬಹುದು. ಸ್ವೀಕೃತಿಯನ್ನು ಜೋಪಾನವಾಗಿಡಿ.

ಪ್ರಕರಣ ನ್ಯಾಯಾಲಯಕ್ಕೆ ಹೋದರೆ, 208ನೇ ಕಲಮಿನಂತೆ ಬರುವ ಸಮನ್ಸ್ ಎರಡು ದಾರಿ ಕೊಡುತ್ತದೆ: ತಪ್ಪೊಪ್ಪಿಕೊಂಡು, ಸೂಚಿಸಿದ ಮೊತ್ತವನ್ನು ನಿಗದಿತ ದಿನದೊಳಗೆ ಮನಿ ಆರ್ಡರ್ ಮೂಲಕ ಕಳುಹಿಸಬಹುದು, ಇಲ್ಲವೇ ಸ್ವತಃ ಅಥವಾ ವಕೀಲರ ಮೂಲಕ ಹಾಜರಾಗಬಹುದು. ನ್ಯಾಯಾಲಯದಲ್ಲಿ ತಪ್ಪನ್ನು ಸಾಬೀತುಪಡಿಸುವ ಹೊಣೆ ಪೊಲೀಸರದು. ಆದರೆ ಮಂಗಳೂರಿನಿಂದ ಹೊಸಪೇಟೆಗೆ ಎರಡು ಮೂರು ಬಾರಿ ಹೋಗಿ ಬರುವ ಖರ್ಚು, ಕಳೆಯುವ ಸಂಬಳ, ವಕೀಲರ ಶುಲ್ಕ ಇವು ದಂಡದ ಹಲವು ಪಟ್ಟು ಆಗುತ್ತವೆ ಎಂಬುದನ್ನೂ ಮುಚ್ಚಿಡಬಾರದು. ಲೈಸನ್ಸಿಗೆ ಅಪಾಯವಿಲ್ಲದ, ನಿಮ್ಮ ಮಾತಿನ ಹೊರತು ಬೇರೆ ಸಾಕ್ಷ್ಯವಿಲ್ಲದ ಪ್ರಕರಣದಲ್ಲಿ ಕಟ್ಟಿ ಮುಗಿಸುವುದು ಹೇಡಿತನವೇನಲ್ಲ.

ಖರ್ಚು ಭರಿಸಲಾಗದವರಿಗೆ ತಾಲೂಕು ಕಾನೂನು ಸೇವಾ ಸಮಿತಿಗಳಿವೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ನಿಗದಿತ ಮಿತಿಗಿಂತ ಕಡಿಮೆ ಆದಾಯದವರು ಉಚಿತವಾಗಿ ವಕೀಲರನ್ನು ಪಡೆಯಬಹುದು. ಸಹಾಯವಾಣಿ 15100. ಲೋಕ ಅದಾಲತ್‌ನಲ್ಲಿಯೂ ಇಂಥ ಪ್ರಕರಣಗಳನ್ನು ಮುಗಿಸಿಕೊಳ್ಳಬಹುದು. ಅಲ್ಲಿ ಒಪ್ಪಿದ ಮೇಲೆ ಮೇಲ್ಮನವಿ ಇಲ್ಲ ಎಂಬುದು ನೆನಪಿರಲಿ.

ದಂಡ ಬೇರೆ, ದೂರು ಬೇರೆ

ಪೊಲೀಸರು ಒರಟಾಗಿ ನಡೆದುಕೊಂಡರೆಂಬ ಕಾರಣಕ್ಕೆ ದಂಡ ತಪ್ಪಾಗುವುದಿಲ್ಲ. ದಂಡ ಸರಿಯೆಂಬ ಕಾರಣಕ್ಕೆ ಒರಟುತನ ಸರಿಯಾಗುವುದೂ ಇಲ್ಲ. 2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ, ಆಸ್ಪತ್ರೆಗೆ ಮಗುವನ್ನು ಒಯ್ಯುತ್ತಿದ್ದ ಬೈಕನ್ನು ಹೆಲ್ಮೆಟ್ ತಪಾಸಣೆಗೆಂದು ತಡೆದಾಗ ಮಗು ರಸ್ತೆಗೆ ಬಿದ್ದು ಪ್ರಾಣ ಕಳೆದುಕೊಂಡಿತು. ಸಂಬಂಧಪಟ್ಟ ಸಿಬ್ಬಂದಿ ಅಮಾನತಾದರು. ವಾಹನಗಳನ್ನು ಹಠಾತ್ತನೆ ಅಡ್ಡಗಟ್ಟಬಾರದೆಂಬ ಸೂಚನೆಗಳು ರಾಜ್ಯದಾದ್ಯಂತ ಹೋದವು. ಇಂಥ ವರ್ತನೆ ಕಂಡರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಪ್ರತ್ಯೇಕವಾಗಿ ಬರೆಯಿರಿ. ಹೊಸಪೇಟೆ, ಹಂಪಿಯದ್ದಾದರೆ ವಿಜಯನಗರಕ್ಕೆ. ಸಂಡೂರು, ಕಂಪ್ಲಿಯದ್ದಾದರೆ ಬಳ್ಳಾರಿಗೆ.

ಕಟ್ಟುವುದೂ ಅಲ್ಲ, ಪ್ರಶ್ನಿಸುವುದೂ ಅಲ್ಲದ ಮೂರನೆಯ ದಾರಿಯೊಂದನ್ನು ಕೆಲವರು ಹಿಡಿಯುತ್ತಾರೆ: ರಶೀದಿ ಇಲ್ಲದೆ ಇನ್ನೂರು ರೂಪಾಯಿ ಕೈಗೆ ತುರುಕಿ ಮುಂದೆ ಹೋಗುವುದು. ಅದು ದಂಡವಲ್ಲ, ಲಂಚ. 2018ರ ತಿದ್ದುಪಡಿಯ ಬಳಿಕ ಲಂಚ ಕೊಡುವುದೂ ಅಪರಾಧ. ಒತ್ತಾಯಕ್ಕೆ ಕೊಟ್ಟವರು ಏಳು ದಿನಗಳೊಳಗೆ ದೂರು ಕೊಟ್ಟರೆ ಮಾತ್ರ ರಕ್ಷಣೆ. ಮುನ್ನೂರು ರೂಪಾಯಿ ಉಳಿಸಲು ಹೋಗಿ ನಮ್ಮ ಮಕ್ಕಳ ಎದುರಿಗೆ ನಾವು ಕಲಿಸುವ ಪಾಠ ಏನೆಂದು ಯೋಚಿಸಬೇಕು.

ನಕಲಿ ಚಲನ್‌ಗಳ ಬಗ್ಗೆಯೂ ಒಂದು ಮಾತು. ವಾಟ್ಸಾಪ್‌ನಲ್ಲಿ ಚಲನ್ ಎಂದು ಹೇಳಿ ಆ್ಯಪ್ ಕಡತ ಕಳುಹಿಸಿ, ಅದನ್ನು ತೆರೆದವರ ಬ್ಯಾಂಕ್ ಖಾತೆ ಬರಿದು ಮಾಡುವವರಿದ್ದಾರೆ. ಸಂದೇಶದಲ್ಲಿರುವ ಕೊಂಡಿಯನ್ನು ಒತ್ತದೆ, ಸರಕಾರದ ಇ-ಚಲನ್ ಜಾಲತಾಣಕ್ಕೆ ನೀವೇ ಹೋಗಿ ವಾಹನದ ನಂಬರು ಹಾಕಿ ನೋಡಿ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಚರ್ಚಿನ ವಾಹನಕ್ಕೆ ದಂಡ ಬಿದ್ದರೆ

ಧರ್ಮಕೇಂದ್ರ, ಶಾಲೆ, ಆಶ್ರಮಗಳ ಹೆಸರಿನಲ್ಲಿರುವ ವಾಹನಗಳಿಗೆ ನೋಟಿಸು ಬರುವುದು ಸಂಸ್ಥೆಯ ಹೆಸರಿಗೆ. ಓಡಿಸಿದವರು ಯಾರೆಂದು ಕೇಳಿದಾಗ ತಿಳಿಸುವುದು 133ನೇ ಕಲಮಿನಂತೆ ಮಾಲೀಕರ ಕರ್ತವ್ಯ. ಆದ್ದರಿಂದ ಪ್ರತಿ ವಾಹನಕ್ಕೂ ಒಂದು ಪುಸ್ತಕ ಇರಲಿ: ದಿನಾಂಕ, ಹೋದ ಊರು, ಓಡಿಸಿದವರ ಹೆಸರು, ಸಹಿ. ತಿಂಗಳ ಬಳಿಕ ನೋಟಿಸು ಬಂದಾಗ ಒಬ್ಬರ ಮೇಲೊಬ್ಬರು ಹಾಕುವುದು ತಪ್ಪುತ್ತದೆ. ಓಡಿಸದ ಚಾಲಕನ ಮೇಲೆ ಹೊಣೆ ಬೀಳುವುದೂ ತಪ್ಪುತ್ತದೆ.

ದಂಡ ಯಾರು ಕಟ್ಟಬೇಕೆಂಬುದನ್ನು ಪಾಲನಾ ಪರಿಷತ್ತು ಮೊದಲೇ ನಿರ್ಧರಿಸಿಟ್ಟರೆ ಒಳಿತು. ಬೆಲ್ಟ್ ಹಾಕದ್ದು ಚಾಲಕನ ತಪ್ಪಾದರೆ ಅದನ್ನು ಭಕ್ತರ ಕಾಣಿಕೆಯ ಹಣದಿಂದ ಕಟ್ಟುವುದು ಸರಿಯಲ್ಲ. ಆದರೆ "ಬಲಿಪೂಜೆಗೆ ಹೊತ್ತಾಯಿತು, ಬೇಗ ಬಿಡು" ಎಂದು ಹಿಂದಿನ ಸೀಟಿನಿಂದ ಅವಸರಪಡಿಸಿದವರು ನಾವೇ ಆಗಿದ್ದು, ಅತಿವೇಗದ ದಂಡವನ್ನು ಬಡ ಚಾಲಕನ ಸಂಬಳದಿಂದ ಹಿಡಿಯುವುದು ಅದಕ್ಕಿಂತ ದೊಡ್ಡ ತಪ್ಪು. ಅದೇ ರೀತಿ, ಮಾಡದ ತಪ್ಪಿಗೆ ಅವನ ಲೈಸನ್ಸ್ ಹೋಗುವ ಸಂದರ್ಭ ಬಂದರೆ ಮನವಿ ಬರೆದುಕೊಡುವುದು, ವಕೀಲರನ್ನು ಹುಡುಕಿಕೊಡುವುದು ಸಂಸ್ಥೆಯ ಹೊಣೆ. ವಯಸ್ಸಾಗದ ಹುಡುಗರ ಕೈಗೆ ಸ್ಕೂಟರ್ ಕೊಡುವುದಂತೂ ಸಣ್ಣ ದಂಡದ ವಿಷಯವೇ ಅಲ್ಲ. 199ಎ ಕಲಮಿನಂತೆ ಪೋಷಕರು ಇಲ್ಲವೇ ಮಾಲೀಕರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷಗಳ ವರೆಗೆ ಸೆರೆವಾಸದ ಶಿಕ್ಷೆಯಿದೆ.

ಒಟ್ಟಿನಲ್ಲಿ, ನೋಟಿಸು ಬಂದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ತಪ್ಪು ನಡೆದದ್ದು ನಿಜವೇ? ನಿಜವಲ್ಲವಾದರೆ ಅದನ್ನು ತೋರಿಸುವ ಸಾಕ್ಷ್ಯ ಇದೆಯೇ? ಇದರಿಂದ ಲೈಸನ್ಸಿಗೆ ಅಪಾಯವಿದೆಯೇ? ಮೊದಲನೆಯದಕ್ಕೆ ಹೌದು ಎಂದಾದರೆ ಇವತ್ತೇ ಕಟ್ಟಿ, ರಶೀದಿ ತೆಗೆದಿಡಿ. ಇಲ್ಲವೆಂದಾದರೆ, ಮತ್ತು ಸಾಕ್ಷ್ಯ ಕೈಯಲ್ಲಿದ್ದರೆ, ಮೊತ್ತ ಸಣ್ಣದೆಂದು ಬಿಡದೆ ಒಂದು ಪುಟದ ಮನವಿ ಬರೆಯಿರಿ. ಯಾವ ಉತ್ತರ ಬಂದರೂ ಆ ಕಾಗದವನ್ನು ಮೇಜಿನ ಡ್ರಾಯರಿಗೆ ಹಾಕಿ ಮರೆಯಬೇಡಿ.